ಥೇಮ್ಸ್‌ನಲ್ಲಿ ಮುಳುಗಿದ ಸಾಗವಾನಿ

ಕಳೆದ ಬೇಸಿಗೆಯಲ್ಲಿ ಕುಂಬಾರವಾಡದ ಪರಿಚಯದವರೊಬ್ಬರು ಹಳೆಯ ಮನೆ ಬಿಚ್ಚಿಸುತ್ತಿದ್ದರು. ಹಂಚು ಇಳಿಸಿಯಾಗಿತ್ತು. ಮೇಸ್ತ್ರಿ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು, ರೀಪು ಪಕಾಸುಗಳಿಂದ ಮೊಳೆ ಕೀಳುತ್ತ ಎರಡು ಗುಡ್ಡೆ ಮಾಡುತ್ತಿದ್ದ. ಒಂದು ಗುಡ್ಡೆಯ ಮೊಳೆಗಳು ಕಪ್ಪುಗಟ್ಟಿ, ನಡು ಸವೆದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದವು. ಇನ್ನೊಂದು ಗುಡ್ಡೆಯವು ಮೇಲೆ ಒಂದಿಷ್ಟು ಕಂದು ಬಣ್ಣ ತಿರುಗಿದ್ದು ಬಿಟ್ಟರೆ ಗಟ್ಟಿಮುಟ್ಟಾಗಿದ್ದವು. ಎರಡೂ ಒಂದೇ ಮನೆಯವು, ಒಂದೇ ಮಳೆ ಕಂಡವು. ಏನು ವ್ಯತ್ಯಾಸ ಎಂದು ಕೇಳಿದೆ.

"ಇದು ಮತ್ತಿಯೊಳಗಿನ ಮೊಳಿರೀ ಸರ್, ಅದು ಸಾಗವಾನಿ ದಾರಂದದಾಗಿನದು. ಸಾಗವಾನಿ ಎಣ್ಣಿ ಮರ. ಕಬ್ಬಿಣ ತಿನ್ನಂಗಿಲ್ಲ," ಎಂದ.

ಈ ಎರಡು ಗುಡ್ಡೆಗಳ ಅಂತರವೇ ಒಂದು ಕಾಲಕ್ಕೆ ಲಂಡನ್ನಿನ ನೌಕಾ ಕಚೇರಿಯನ್ನು ನಮ್ಮ ಕರಾವಳಿಯ ಕಾಡುಗಳ ಕಡೆ ತಿರುಗಿ ನೋಡುವಂತೆ ಮಾಡಿತ್ತು. ಹಾಗೆ ನೋಡಿದ್ದರಿಂದ ಹುಟ್ಟಿದ ಹಡಗೊಂದರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಹೆಸರು 'ವೆಲ್ಲೆಸ್ಲಿ'. 74 ತೋಪಿನ ಹಾಯಿ ಯುದ್ಧನೌಕೆ. ಮುಂಬೈಯಲ್ಲಿ 1815ರಲ್ಲಿ ನೀರಿಗಿಳಿದು, ಕರಾಚಿಯಲ್ಲಿ ಚೀನದಲ್ಲಿ ಗುಂಡು ಹಾರಿಸಿ, ಕಡೆಗೆ ಹಿಟ್ಲರನ ವಿಮಾನಗಳ ಬಾಂಬಿಗೆ ಸಿಕ್ಕಿ 1940ರಲ್ಲಿ ಥೇಮ್ಸ್ ನದಿಯಲ್ಲಿ ಮುಳುಗಿತು. ನೂರಿಪ್ಪತ್ತೈದು ವರ್ಷ. ಹಾಯಿ ಹಡಗಿನ ಕಾಲದಲ್ಲಿ ಕಟ್ಟಿದ್ದು ವಿಮಾನದ ಕಾಲದವರೆಗೆ ಬದುಕಿತ್ತು ಎಂದರೆ ಅದರಲ್ಲಿ ಕಟ್ಟಿದವರ ಪಾಲು ಎಷ್ಟಿದೆಯೋ ಮರದ ಪಾಲೂ ಅಷ್ಟೇ ಇದೆ.

ಮೊದಲು ಮೊಳೆಯ ವಿಚಾರ ಮುಗಿಸೋಣ. ಇಂಗ್ಲೆಂಡಿನವರು ಶತಮಾನಗಳಿಂದ ಹಡಗು ಕಟ್ಟುತ್ತಿದ್ದದ್ದು ಓಕ್ ಮರದಲ್ಲಿ. ಓಕ್ ಗಟ್ಟಿ, ಆದರೆ ಅದರೊಳಗೆ ಒಗರಿನ ಆಮ್ಲವಿದೆ. ನಮ್ಮಲ್ಲಿ ಚರ್ಮ ಹದ ಮಾಡಲು ಬಳಸುವ ತೊಗಟೆಗಳಲ್ಲಿ ಇರುವಂಥದ್ದೇ. ಅದು ತೇವದ ಜೊತೆ ಸೇರಿ ಕಬ್ಬಿಣದ ಮೊಳೆ, ಪಟ್ಟಿ, ಬೋಲ್ಟುಗಳನ್ನು ತಿನ್ನುತ್ತದೆ. ಮೊಳೆ ಸಡಿಲವಾದರೆ ಹಲಗೆ ಸಡಿಲ, ಹಲಗೆ ಸಡಿಲವಾದರೆ ಹಡಗು ಸಡಿಲ. ಸಾಗವಾನಿಯಲ್ಲಿ ಆ ಒಗರಿಲ್ಲ. ಬದಲಿಗೆ ಸಹಜವಾದ ಎಣ್ಣೆಯಿದೆ. ಅದು ಲೋಹವನ್ನೂ ಕಾಯುತ್ತದೆ, ಗೆದ್ದಲನ್ನೂ ದೂರವಿಡುತ್ತದೆ, ಮರ ಕೊಳೆಯುವುದನ್ನೂ ತಡೆಯುತ್ತದೆ. ಒಮ್ಮೆ ಚೆನ್ನಾಗಿ ಒಣಗಿದ ಸಾಗವಾನಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಆಟವಾಡುವುದೂ ಕಡಿಮೆ. ನಮ್ಮ ಬಡಗಿಗಳು ಈ ಮರದ ಬಗ್ಗೆ ಮಾಡುವ ದೂರು ಒಂದೇ, ಗರಗಸ ಬೇಗ ಮೊಂಡಾಗುತ್ತದೆ ಎಂಬುದು. ಮರದೊಳಗೆ ಸಣ್ಣ ಮರಳಿನ ಅಂಶವಿರುವುದರಿಂದ ಅದು ನಿಜವೂ ಹೌದು.

ಗುಣವೊಂದೇ ಆಗಿದ್ದರೆ ಇಂಗ್ಲೆಂಡಿನವರು ಅಷ್ಟು ದೂರ ಬರುತ್ತಿರಲಿಲ್ಲ. ಅವರಿಗೆ ಓಕ್ ಮುಗಿಯುತ್ತ ಬಂದಿತ್ತು. 74 ತೋಪಿನ ಒಂದು ಹಡಗಿಗೆ ಸುಮಾರು 2,000 ಬಲಿತ ಓಕ್ ಮರ ಬೇಕು ಎಂಬುದು ಓಡಾಟದಲ್ಲಿದ್ದ ಲೆಕ್ಕ. ಓಕ್ ಬಲಿಯಲು ನೂರು ವರ್ಷ ಹಿಡಿಯುತ್ತದೆ, ನೆಪೋಲಿಯನ್ ಅಷ್ಟು ದಿನ ಕಾಯುವವನಲ್ಲ. ಹೀಗಾಗಿ 1805ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಂದ ಒಂದು ವಿಚಾರಣೆ ಇತ್ತ ಬಂತು: ಓಕ್ ಕೊರತೆಯಾಗುತ್ತಿದೆ, ಪಶ್ಚಿಮ ಕರಾವಳಿಯ ತೇಗವನ್ನು ರಾಜನ ನೌಕಾಪಡೆ ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಮತ್ತೆ ಬರುತ್ತೇನೆ.

ಉತ್ತರ ಕೊಡಲು ಮುಂಬೈ ಸಿದ್ಧವಾಗಿತ್ತು. ಸೂರತ್‌ನಿಂದ ಬಂದ ಪಾರ್ಸಿ ಬಡಗಿ ಲವ್ಜಿ ನಸರವಾನಜಿ ವಾಡಿಯಾ 1730ರ ದಶಕದಲ್ಲೇ ಅಲ್ಲಿ ಕಂಪನಿಗೆ ಹಡಗು ಕಟ್ಟಲು ತೊಡಗಿದ್ದ. 1750ರಲ್ಲಿ ಅಲ್ಲಿ ಒಣ ಹಡಗುಕಟ್ಟೆ ಬಂತು; ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರು ಹೊರಹಾಕಿ ಅಡಿಯನ್ನು ರಿಪೇರಿ ಮಾಡುವ ಕಟ್ಟೆ. ಲವ್ಜಿಯ ಮೊಮ್ಮಗ ಜಮ್ಶೇಟ್ಜಿ ಬೊಮನ್‌ಜಿ ವಾಡಿಯಾ ಮುಖ್ಯ ಬಡಗಿಯಾಗಿದ್ದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ತನ್ನ ದೊಡ್ಡ ಹಡಗುಗಳನ್ನೇ ಅವನ ಕೈಗೆ ಕೊಟ್ಟಿತು. 1810ರಲ್ಲಿ 'ಮಿಂಡೆನ್', 1813ರಲ್ಲಿ 'ಕಾರ್ನ್‌ವಾಲಿಸ್', 1815ರಲ್ಲಿ ನಮ್ಮ 'ವೆಲ್ಲೆಸ್ಲಿ', 1817ರಲ್ಲಿ 'ಟ್ರಿಂಕೋಮಲಿ'. ಈ ಕಡೆಯದಕ್ಕೆ ಕೆಲಸ ಶುರುವಾದಾಗ ಜಮ್ಶೇಟ್ಜಿ ಪಾರ್ಸಿ ಸಂಪ್ರದಾಯದಂತೆ ಅಡಿಯ ಬೆನ್ನುಮರಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆದ. ನಮ್ಮಲ್ಲಿ ಬಾಗಿಲು ನಿಲ್ಲಿಸುವಾಗ ದಾರಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದಿಲ್ಲವೇ, ಹಾಗೆ.

ಮರ ಬರುತ್ತಿದ್ದದ್ದು ಮಲಬಾರ್, ಕೆನರಾ ಮತ್ತು ಗುಜರಾತಿನ ಕಾಡುಗಳಿಂದ. ಕೆನರಾ ಎಂದರೆ ಇಂದಿನ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು. ಟಿಪ್ಪು ಸುಲ್ತಾನ್ ಕೂಡ 1790ರ ದಶಕದಲ್ಲಿ ಇದೇ ಕಾಡುಗಳನ್ನು ನಂಬಿ 40 ಯುದ್ಧನೌಕೆ ಕಟ್ಟಿಸುವ ಆಜ್ಞೆ ಹೊರಡಿಸಿದ್ದ. 1799ರಲ್ಲಿ ಅವನು ಬಿದ್ದ ಮೇಲೆ ಕಾಡೂ ಕರಾವಳಿಯೂ ಒಟ್ಟಿಗೆ ಕಂಪನಿಯ ಕೈ ಸೇರಿದವು. ನಮ್ಮ ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸೂಪಾ, ದಾಂಡೇಲಿ, ಕದ್ರಾ ದಾಟಿ ಸದಾಶಿವಗಡದ ಬಳಿ ಕಡಲು ಸೇರುತ್ತದೆ. ಸುಮಾರು 184 ಕಿಲೋಮೀಟರ್. ಕಾಳಿ ಕಣಿವೆಯ ನಾಟಾ ಕೆಳಗಿಳಿದು ಕಾರವಾರದ ಕೋಡಿಬಾಗದಲ್ಲಿ ರಾಶಿ ಬೀಳುತ್ತಿತ್ತು, ಅಲ್ಲಿಂದ ಹಾಯಿದೋಣಿಗಳಲ್ಲಿ ಮುಂಬೈಗೆ ಹೋಗುತ್ತಿತ್ತು. ಮುಂಬೈ ಕಟ್ಟೆಯಲ್ಲಿ ಮೂರೂ ಸೀಮೆಯ ದಿಮ್ಮಿಗಳು ಒಂದಾಗುತ್ತಿದ್ದವು. ಹಲಗೆಯಾದ ಮೇಲೆ ಮರಕ್ಕೆ ಊರಿರುವುದಿಲ್ಲ. ಆದ್ದರಿಂದ 'ವೆಲ್ಲೆಸ್ಲಿ' ನಮ್ಮ ಊರಿನ ಹಡಗು ಎಂದು ಎದೆ ತಟ್ಟಿಕೊಳ್ಳುವ ಹುಮ್ಮಸ್ಸು ನನಗಿಲ್ಲ. ನಮ್ಮ ಕಾಡಿನಂಥ ಕಾಡುಗಳ ಹಡಗು ಎಂದರೆ ಸಾಕು.

ಇಲ್ಲೊಂದು ಸ್ವಾರಸ್ಯವಿದೆ. ಸಾಗವಾನಿಯನ್ನು ಹಸಿಯಾಗಿ ಕಡಿದು ನೀರಿಗೆ ಹಾಕಿದರೆ ಅದು ತೇಲುವುದಿಲ್ಲ, ಮುಳುಗುತ್ತದೆ. ಹಡಗಾಗಬೇಕಾದ ಮರವೇ ಹೊಳೆ ದಾಟಲಾರದು! ಅದಕ್ಕೆ ಮಲಬಾರ್, ಬರ್ಮಾಗಳಲ್ಲಿ ಕಂಡುಕೊಂಡಿದ್ದ ಉಪಾಯವೆಂದರೆ ಮರವನ್ನು ನಿಂತಲ್ಲೇ ಸಾಯಿಸುವುದು. ಬುಡದ ಸುತ್ತ ತೊಗಟೆಯನ್ನೂ ಅದರೊಳಗಿನ ಬಿಳಿಮರವನ್ನೂ ಬಳೆಯಂತೆ ಕಡಿದು, ಚೇಗಿನ ತನಕ ಹೋಗಿ ಬಿಟ್ಟುಬಿಡುತ್ತಾರೆ. ನೀರು ಮೇಲೇರದೆ ಎಲೆ ಉದುರುತ್ತದೆ, ಮರ ನಿಂತೇ ಒಣಗುತ್ತದೆ. ಎರಡು ಮೂರು ವರ್ಷದ ಮೇಲೆ ಉರುಳಿಸಿದರೆ ಹಗುರಾಗಿ ತೇಲುತ್ತದೆ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ದಿಮ್ಮಿಯ ಎರಡೂ ಬದಿಗೆ ಬಿದಿರಿನ ಕಟ್ಟು ಬಿಗಿಯಬೇಕು.

ಹಡಗಿನ ಹೆಸರಿನ ವಿಷಯ. ಮೂತಿಯಲ್ಲಿ ಕೆತ್ತಿ ನಿಲ್ಲಿಸಿದ ಬೊಂಬೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯದು. ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಎಂದು ಶಾಲೆಯಲ್ಲಿ ಓದುತ್ತೇವೆ. ಅದಕ್ಕೆ 15 ವರ್ಷ ಮೊದಲು ಅವನು ನಮ್ಮ ಸೀಮೆಯಲ್ಲಿ ಕೆಸರು ತುಳಿಯುತ್ತಿದ್ದ ಕರ್ನಲ್. 1800ರ ಮಳೆಗಾಲವಿಡೀ ಚನ್ನಗಿರಿಯ ಬಂಡಾಯಗಾರ ಧೋಂಡಿಯಾ ವಾಘ್‌ನ ಬೆನ್ನುಹತ್ತಿ ಹರಿಹರದಲ್ಲಿ ತುಂಗಭದ್ರೆ ದಾಟಿ, ರಾಣೆಬೆನ್ನೂರು, ಕುಂದಗೋಳ, ಡಂಬಳ ಎಂದು ಧಾರವಾಡ ಸೀಮೆ ಸುತ್ತಿದ. ಸೆಪ್ಟೆಂಬರ್ 10ರಂದು ರಾಯಚೂರು ಕಡೆಯ ಕೋಣಗಲ್‌ನಲ್ಲಿ ಧೋಂಡಿಯಾ ಸತ್ತ. ಆ ಕಾಲದ ವೆಲ್ಲೆಸ್ಲಿಯ ಕಾಗದಪತ್ರಗಳಲ್ಲಿ ನಮ್ಮ ಹಳಿಯಾಳ ಮುಖ್ಯವಾದ ಗಡಿ ಠಾಣೆಯಾಗಿ ಮತ್ತೆ ಮತ್ತೆ ಬರುತ್ತದೆ. ಹಳಿಯಾಳದ ಸಂತೆಗೆ ಹೋಗುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ! ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ವೆಲ್ಲೆಸ್ಲಿ ತಾನೇ ಸಾಕುವ ಏರ್ಪಾಡು ಮಾಡಿದ. ಅದೂ ಅವನ ಬದುಕಿನಲ್ಲಿದೆ, ಹೇಳದಿದ್ದರೆ ಅನ್ಯಾಯ.

ಹಡಗು ಕಟ್ಟುವುದಕ್ಕೆ ಮೊದಲೇ ಒಂದು ವಿಘ್ನ ಬಂತು. ಇಂಗ್ಲೆಂಡಿನಿಂದ ಅದರ ನಕ್ಷೆ ಹೊತ್ತು ಹೊರಟಿದ್ದು 'ಜಾವಾ' ಎಂಬ ಯುದ್ಧನೌಕೆ. ಅದರಲ್ಲೇ ಮುಂಬೈಯಲ್ಲಿ ಕಟ್ಟುತ್ತಿದ್ದ ಹಡಗುಗಳ ಅಡಿಗೆ ಹೊದಿಸುವ ತಾಮ್ರದ ತಗಡೂ ಇತ್ತು. ಕಡಲಲ್ಲಿ ಮರ ಕೊರೆಯುವ ಹುಳುವಿದೆ. ತಾಮ್ರದ ಹೊದಿಕೆಯಿಲ್ಲದಿದ್ದರೆ ಎಂಥ ಹಡಗಿಗೂ ಅದರ ಕಾಟ ತಪ್ಪಿದ್ದಲ್ಲ. ಆಗ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಎದುರಾಗಿ 'ಜಾವಾ'ವನ್ನು ಬಡಿದು, ಸೆರೆಹಿಡಿದು, ಕಡೆಗೆ ಸುಟ್ಟುಹಾಕಿತು. ನಕ್ಷೆ ಹೋಯಿತು, ತಾಮ್ರವೂ ಹೋಯಿತು. ಬ್ರೆಜಿಲ್ಲಿನ ಕಡಲಲ್ಲಿ ಬಿದ್ದ ಏಟು ಮುಂಬೈಯ ಬಡಗಿಯ ಅಂಗಳಕ್ಕೆ ತಗುಲಿತು. ಜಮ್ಶೇಟ್ಜಿ ಏನು ಮಾಡಿದ? ತನ್ನ ಕಟ್ಟೆಯಲ್ಲಿ ಆಗತಾನೆ ಕಟ್ಟಿ ಮುಗಿಸಿದ 'ಕಾರ್ನ್‌ವಾಲಿಸ್'ನ ಅಳತೆಯನ್ನೇ ಹಿಡಿದು ಇದನ್ನೂ ಕಟ್ಟಿದ. ಪಕ್ಕದ ಮನೆಯ ಕಪಾಟು ನೋಡಿ ಅದರಂತೆಯೇ ಮಾಡಿಕೊಡುವ ನಮ್ಮ ಬಡಗಿಗಳ ಹಾಗೆ, ಆದರೆ ಇಲ್ಲಿ ಕಪಾಟು 175 ಅಡಿ ಉದ್ದ, 48 ಅಡಿ ಅಗಲ.

1815ರ ಫೆಬ್ರುವರಿ 24ರಂದು ಹಡಗು ನೀರಿಗಿಳಿಯಿತು. ವಾಟರ್ಲೂ ಯುದ್ಧಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ತಗುಲಿದ ಖರ್ಚು 55 ಸಾವಿರ ಪೌಂಡಿಗೆ ಸ್ವಲ್ಪ ಮೇಲೆ. ಕಂಪನಿ ಹಾಕಿದ ಖರ್ಚಿಗೇ ರಾಜನ ನೌಕಾಪಡೆಗೆ ಒಪ್ಪಿಸಿತು. ಕೆಳ ಅಂತಸ್ತಿನ ತೋಪುಗಳು 32 ಪೌಂಡಿನ ಗುಂಡು, ಅಂದರೆ ಹದಿನಾಲ್ಕೂವರೆ ಕಿಲೋ ತೂಕದ ಕಬ್ಬಿಣದ ಉಂಡೆ ಎಸೆಯುವಂಥವು. ಅಂಥ ತೋಪು ಎರಡೂ ಬದಿ ಸೇರಿ 28. ಅವುಗಳ ಭಾರ ಹೊರಲು, ಎದುರಾಳಿಯ ಗುಂಡು ತಡೆಯಲು ಹಡಗಿನ ಬದಿಗೋಡೆ ಎರಡಡಿ ಹತ್ತಿರ ದಪ್ಪವಿರುತ್ತಿತ್ತು. ಹೊರಹಲಗೆ, ನಡುವೆ ಪಕ್ಕೆಲುಬಿನಂಥ ತೊಲೆಗಳು, ಒಳಹಲಗೆ, ಎಲ್ಲ ಒಂದಕ್ಕೊಂದು ಬಿಗಿದದ್ದು.

ಆದರೆ ಅದು ಹುಟ್ಟುವಷ್ಟರಲ್ಲಿ ಯಾವ ಯುದ್ಧಕ್ಕೆಂದು ಹುಟ್ಟಿತ್ತೋ ಆ ಯುದ್ಧವೇ ಮುಗಿಯುತ್ತ ಬಂದಿತ್ತು. ನೆಪೋಲಿಯನ್ ಶರಣಾದ. ಸಮುದ್ರದಲ್ಲಿ ಬ್ರಿಟನ್ನಿಗೆ ಸಮಾನರು ಉಳಿಯಲಿಲ್ಲ. ಹಾಗಾಗಿ 'ವೆಲ್ಲೆಸ್ಲಿ' ತನ್ನಷ್ಟೇ ಬಲದ ಹಡಗಿನೊಡನೆ ಎದುರುಬದುರು ನಿಂತು ಕಾದಾಡಿದ್ದೇ ಇಲ್ಲ. ಅದು ಕಾದಾಡಿದ್ದೆಲ್ಲ ದಡದ ಕೋಟೆಗಳೊಡನೆ, ಅದೂ ತನಗಿಂತ ಬಹಳ ಬಡವಾದ ಕೋಟೆಗಳೊಡನೆ. ನೌಕಾ ಇತಿಹಾಸದ ಪುಸ್ತಕಗಳಲ್ಲಿ ಇದನ್ನು 'ವಿಜಯ' ಎಂದು ಬರೆದಿರುತ್ತಾರೆ. ಓದುವವರು ಆ ಪದವನ್ನು ಸ್ವಲ್ಪ ತೂಗಿ ಓದಬೇಕು.

1839ರ ಫೆಬ್ರುವರಿ 2ರಂದು ಕರಾಚಿ. ಅಫ್ಘಾನಿಸ್ತಾನದ ದಂಡಯಾತ್ರೆಗೆ ಕಡಲಿನಿಂದ ದಾರಿ ಬೇಕಿತ್ತು. ಬಂದರಿನ ಬಾಯಲ್ಲಿದ್ದ ಮನೋರಾ ಕೋಟೆಯಲ್ಲಿ ಇದ್ದವರು ಬೆರಳೆಣಿಕೆಯ ಮಂದಿ. 'ವೆಲ್ಲೆಸ್ಲಿ' ಬದಿ ತಿರುಗಿಸಿ ತೋಪು ಹಾರಿಸಿತು, ಗೋಡೆ ಕುಸಿಯಿತು, ಊರು ಶರಣಾಯಿತು. ಕರಾಚಿ ಬ್ರಿಟಿಷರ ಕೈ ಸೇರಿದ ಬಗೆ ಇದು. ಆಗ ಹಡಗಿನ ಮೇಲಿದ್ದ ದಂಡನಾಯಕ ರಿಯರ್ ಅಡ್ಮಿರಲ್ ಫ್ರೆಡರಿಕ್ ಮೇಟ್‌ಲ್ಯಾಂಡ್. 1815ರ ಜುಲೈಯಲ್ಲಿ 'ಬೆಲ್ಲೆರೊಫನ್' ಹಡಗಿನಲ್ಲಿ ನೆಪೋಲಿಯನ್‌ನ ಶರಣಾಗತಿ ಸ್ವೀಕರಿಸಿದ್ದವನೇ ಇವನು. 1839ರ ನವೆಂಬರ್ 30ರಂದು ಮುಂಬೈಯಾಚೆ ಕಡಲಲ್ಲಿ ಇದೇ ಹಡಗಿನ ಮೇಲೆ ಅವನು ತೀರಿಕೊಂಡ.

ಆಮೇಲೆ ಚೀನ. ಚೀನದ ಸರ್ಕಾರ ಅಫೀಮು ಬೇಡ ಎಂದಿತು. ಅಫೀಮು ಮಾರುವವರ ಪರವಾಗಿ ಬ್ರಿಟನ್ ಯುದ್ಧ ಹೂಡಿತು. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬಾರದು. 1840ರ ಜುಲೈ 5ರಂದು ಚುಸಾನ್ ದ್ವೀಪದ ಡಿಂಗ್‌ಹೈ ಬಂದರಿನ ಮುಂದೆ 'ವೆಲ್ಲೆಸ್ಲಿ' ಮತ್ತು ಜೊತೆಯ ಹಡಗುಗಳು ಗುಂಡು ಹಾರಿಸಿ ನಿಲ್ಲಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. 1841ರ ಫೆಬ್ರುವರಿಯಲ್ಲಿ ಕ್ಯಾಂಟನ್ ನದಿಯ ಬಾಯಿಯ ಕೋಟೆಗಳು, ಆಗಸ್ಟ್‌ನಲ್ಲಿ ಅಮೋಯ್. ಅಮೋಯಲ್ಲಿ ಚೀನೀಯರು ಕಗ್ಗಲ್ಲಿನ ಉದ್ದನೆಯ ಗೋಡೆ ಕಟ್ಟಿ ತೋಪು ಸಾಲಿಟ್ಟಿದ್ದರು. ಗಂಟೆಗಟ್ಟಲೆ ಬಡಿದರೂ ಗೋಡೆ ಅಲುಗಲಿಲ್ಲ, ಕಡೆಗೆ ಸೈನಿಕರು ದಡಕ್ಕಿಳಿದು ಹಿಂದಿನಿಂದ ಹಿಡಿಯಬೇಕಾಯಿತು. ಯುದ್ಧ ಮುಗಿದಾಗ, 1842ರ ಆಗಸ್ಟ್ 29ರಂದು, ಹಾಂಗ್‌ಕಾಂಗ್ ಬಿಟ್ಟುಕೊಡುವ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಜಮ್ಶೇಟ್ಜಿಯ ಇನ್ನೊಂದು ಹಡಗು 'ಕಾರ್ನ್‌ವಾಲಿಸ್'ನಲ್ಲಿ. ಮಳೆಗಾಲದಲ್ಲಿ ಬೆಳೆದು ನಿಂತ ಮರಕ್ಕೆ ತಾನು ಯಾರ ಯುದ್ಧಕ್ಕೆ ಹೋಗುತ್ತೇನೆ ಎಂದು ಕೇಳುವ ಹಕ್ಕಿರಲಿಲ್ಲ. ಕಡಿದವರಿಗೂ ಕಟ್ಟಿದವರಿಗೂ ಇರಲಿಲ್ಲ.

'ವೆಲ್ಲೆಸ್ಲಿ' ಚೀನದಿಂದ ಇಂಗ್ಲೆಂಡಿಗೆ ಮರಳಿದ ಮೇಲೆ ಅದರ ಬದಿಗಳಲ್ಲಿ ನೆಟ್ಟುಕೊಂಡೇ ಇದ್ದ 27 ತೋಪಿನ ಗುಂಡು ಸಿಕ್ಕವು. ಗುಂಡು ಒಳಗೆ ಹೊಕ್ಕಿತ್ತು, ಆದರೆ ಒಳಹಲಗೆ ದಾಟಿರಲಿಲ್ಲ. ಕಡಲಯುದ್ಧದಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಲ್ಲುತ್ತಿದ್ದದ್ದು ಗುಂಡು ಬಿದ್ದಾಗ ಒಳಗೆ ಸಿಡಿಯುವ ಮರದ ಸಿಬಿರು. ಸಾಗವಾನಿ ಓಕ್‌ನಷ್ಟು ಸಿಬಿರೇಳುವುದಿಲ್ಲ ಎಂದು ಆಗಿನ ನಾವಿಕರು ನಂಬಿದ್ದರು.

ಆಮೇಲಿನ ಬದುಕು ನಿವೃತ್ತ ಹೆಡ್‌ಮಾಸ್ತರರದಂಥದ್ದು. 1848ರಿಂದ ಮೂರು ವರ್ಷ ಅಟ್ಲಾಂಟಿಕ್ ಆಚೆ ದಂಡನಾಯಕ ಥಾಮಸ್ ಕಾಕ್ರೇನ್‌ನ ಪತಾಕೆ ಹೊತ್ತು ನಿಂತಿತು. 1854ರಿಂದ ಚಾಥಮ್‌ನಲ್ಲಿ ಬಂದರು ಕಾಯುವ ಕೆಲಸ. ಅಷ್ಟರಲ್ಲಿ ಹಬೆಯಂತ್ರ ಬಂತು, ಕಬ್ಬಿಣದ ಹಡಗು ಬಂತು. 1860ರಲ್ಲಿ ಬ್ರಿಟನ್ 'ವಾರಿಯರ್' ಎಂಬ ಕಬ್ಬಿಣದ ಕವಚದ ನೌಕೆಯನ್ನು ನೀರಿಗಿಳಿಸಿದಾಗ ಹಾಯಿ ಹಡಗುಗಳೆಲ್ಲ ಒಂದೇ ದಿನದಲ್ಲಿ ಹಳತಾದವು ಎನ್ನುತ್ತಾರೆ. ಸ್ವಾರಸ್ಯವೆಂದರೆ 'ವಾರಿಯರ್'ನ ನಾಲ್ಕೂವರೆ ಅಂಗುಲ ಕಬ್ಬಿಣದ ಹಿಂದೆ ಒತ್ತು ಕೊಟ್ಟು ನಿಲ್ಲಿಸಿದ್ದದ್ದು 18 ಅಂಗುಲ ದಪ್ಪದ ಸಾಗವಾನಿಯನ್ನೇ.

1868ರಲ್ಲಿ 'ವೆಲ್ಲೆಸ್ಲಿ'ಯ ಹೆಸರು ಬದಲಾಗಿ 'ಕಾರ್ನ್‌ವಾಲ್' ಆಯಿತು. ಥೇಮ್ಸ್ ನದಿಯಲ್ಲಿ ಪರ್ಫ್ಲೀಟ್ ಎಂಬಲ್ಲಿ ಲಂಗರು ಹಾಕಿ ಅದನ್ನು ಸುಧಾರಣಾ ಶಾಲೆಯಾಗಿ ಮಾಡಿದರು. ಲಂಡನ್ನಿನ ಬೀದಿಯಲ್ಲಿ ಕಳ್ಳತನಕ್ಕೋ ತಂಟೆಗೋ ಸಿಕ್ಕಿಬಿದ್ದು ಶಿಕ್ಷೆಯಾದ ಹುಡುಗರನ್ನು ಅಲ್ಲಿಟ್ಟು ನಾವಿಕನ ಕೆಲಸ ಕಲಿಸುವುದು. ಯುದ್ಧನೌಕೆಯಾಗಿ ದುಡಿದದ್ದಕ್ಕಿಂತ ಹೆಚ್ಚು ವರ್ಷ, ಎಪ್ಪತ್ತಕ್ಕೂ ಮೇಲೆ, ಅದು ಹುಡುಗರ ಹಾಸ್ಟೆಲ್ ಆಗಿತ್ತು. 1928ರಲ್ಲಿ ಪರ್ಫ್ಲೀಟ್‌ನ ಸುತ್ತ ಕಾರ್ಖಾನೆಗಳು ಬೆಳೆದದ್ದರಿಂದ ಇನ್ನಷ್ಟು ಕೆಳಗೆ, ಗ್ರೇವ್ಸೆಂಡ್ ಬಳಿಯ ಡೆಂಟನ್‌ಗೆ ಎಳೆದುಕೊಂಡು ಹೋದರು.

1940ರ ಸೆಪ್ಟೆಂಬರ್ 24. ಜರ್ಮನ್ ವಿಮಾನಗಳು ಥೇಮ್ಸ್ ಹಿಡಿದು ಲಂಡನ್ನಿಗೆ ಬರುತ್ತಿದ್ದ ದಿನಗಳು. ಕತ್ತಲಲ್ಲಿ ಊರಿನ ದೀಪ ಆರಿಸಬಹುದು, ನದಿಯನ್ನು ಮುಚ್ಚಿಡಲಾಗದು. ಆ ದಾಳಿಯಲ್ಲಿ 'ವೆಲ್ಲೆಸ್ಲಿ'ಗೆ ಬಲವಾದ ಪೆಟ್ಟು ಬಿದ್ದು ಅದು ಮುಳುಗಿತು. ಸಾಲುಗಟ್ಟಿ ಕಾದಾಡುವ ಹಾಯಿ ಹಡಗುಗಳ ಪೈಕಿ ಶತ್ರುವಿನ ಕೈಯಲ್ಲಿ ಮುಳುಗಿದ ಬ್ರಿಟನ್ನಿನ ಕಟ್ಟಕಡೆಯ ಹಡಗು ಇದು. ಅವುಗಳ ಪೈಕಿ ವಿಮಾನದ ದಾಳಿಗೆ ಮುಳುಗಿದ ಒಂದೇ ಒಂದು ಹಡಗೂ ಇದೇ.

27 ಗುಂಡು ತಿಂದು ಮನೆಗೆ ಬಂದ ಮರ ಬಾಂಬಿಗೇಕೆ ಸೋತಿತು ಎಂದು ಯಾರಾದರೂ ಕೇಳಬಹುದು. ಈ ಹಡಗಿನ ಎಲ್ಲ ಬಲ ಇದ್ದದ್ದು ಬದಿಗಳಲ್ಲಿ. ಏಟು ಬರುವುದು ಎದುರಿನಿಂದ, ನೀರಿನ ಮಟ್ಟಕ್ಕೆ ಸಮನಾಗಿ ಎಂಬ ನಂಬಿಕೆಯಲ್ಲೇ ಅದನ್ನು ಕಟ್ಟಿದ್ದರು. ಆಕಾಶದಿಂದ ಏಟು ಬರುವುದು ಜಮ್ಶೇಟ್ಜಿಯ ಲೆಕ್ಕದಲ್ಲೂ ಇರಲಿಲ್ಲ, ಅಡ್ಮಿರಲ್ ನೆಲ್ಸನ್ನನ ಲೆಕ್ಕದಲ್ಲೂ ಇರಲಿಲ್ಲ. ಜೊತೆಗೆ ತೋಪಿನ ಗುಂಡು ಬರಿ ಕಬ್ಬಿಣದ ಉಂಡೆ, ಹೊಕ್ಕಲ್ಲಿ ನಿಲ್ಲುತ್ತದೆ. ಬಾಂಬು ಸಿಡಿಯುತ್ತದೆ, ಸಿಡಿದಾಗ ಒಂದು ಹಲಗೆ ಮುರಿಯುವುದಲ್ಲ, ನೂರು ಹಲಗೆಗಳ ಬೆಸುಗೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ.

ಯುದ್ಧ ಮುಗಿದ ಮೇಲೆ, 1948ರಲ್ಲಿ, ಅದನ್ನು ಮೇಲೆತ್ತಿ ಟಿಲ್ಬರಿಯ ದಡಕ್ಕೆಳೆದು ಒಡೆದರು. ಮೂತಿಯ ಬೊಂಬೆಯನ್ನು ಚಾಥಮ್‌ನಲ್ಲಿ ಇಟ್ಟಿದ್ದಾರೆ. ಮರದಲ್ಲಿ ಒಂದಿಷ್ಟನ್ನು, ಬಾಂಬಿಗೆ ಜಖಂ ಆಗಿದ್ದ ಲಂಡನ್ನಿನ ನ್ಯಾಯಾಲಯ ಕಟ್ಟಡದ ದುರಸ್ತಿಗೆ ಬಳಸಿಕೊಂಡರು. ಹಡಗಿನ ಕಥೆ ಇಲ್ಲಿಗೆ ಮುಗಿಯುತ್ತದೆ. ಅದರ ಜೊತೆಗಾತಿ 'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ, ಟಿಕೆಟ್ ಕೊಂಡು ಹತ್ತಬಹುದು.

ಈಗ 1805ರ ಆ ಪ್ರಶ್ನೆಗೆ ಬರೋಣ. ಪಶ್ಚಿಮ ಕರಾವಳಿಯ ಸಾಗವಾನಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಹಡಗು ಒಂದು ಉತ್ತರವಾದರೆ, ಇನ್ನೊಂದು ಉತ್ತರ ಕಾಗದದ ಮೇಲೆ ಬಂತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಮಲಬಾರ್ ಮತ್ತು ತಿರುವಾಂಕೂರಿನ ಕಾಡುಗಳಿಗೆ 'ಸಂರಕ್ಷಕ' ಎಂದು ನೇಮಿಸಿದರು. ಭಾರತದ ಮೊದಲ ಅರಣ್ಯ ಸಂರಕ್ಷಕ ಅವನೇ. ಏನನ್ನು ಯಾರಿಗಾಗಿ ಸಂರಕ್ಷಿಸುವುದು? ಹಡಗಿನ ಮರವನ್ನು, ನೌಕಾಪಡೆಗಾಗಿ. ಮರುವರ್ಷವೇ ಕಾಡಿನ ಮೇಲಿನ ರಾಜಾಧಿಕಾರ ಕಂಪನಿಯದು, ಅಪ್ಪಣೆಯಿಲ್ಲದೆ ಯಾರೂ ತೇಗ ಕಡಿಯಕೂಡದು ಎಂಬ ಘೋಷಣೆ ಹೊರಟಿತು. ಮಲಬಾರಿನಲ್ಲಿ ಕಾಡೆಲ್ಲ ಖಾಸಗಿಯವರ ಸೊತ್ತು. ಅವರ ಸ್ವಂತ ಮರಕ್ಕೂ ಸರ್ಕಾರದ ಕೈ ಬಂತು. ಜಮೀನುದಾರರು, ವ್ಯಾಪಾರಿಗಳು, ಸಾಮಾನ್ಯ ರೈತರು ಎಲ್ಲ ಕೂಗೆಬ್ಬಿಸಿದರು.

ಈ ಸಂರಕ್ಷಣೆಯ ಏರ್ಪಾಟನ್ನು ರದ್ದು ಮಾಡಿಸಿದವನು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, 1823ರಲ್ಲಿ. ಮನ್ರೋ ಟಿಪ್ಪುವಿನ ಪತನದ ನಂತರ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು, ಈ ಸೀಮೆಯ ರೈತರನ್ನು ಹತ್ತಿರದಿಂದ ಕಂಡಿದ್ದವನು. ಆದರೆ ರದ್ದಾದದ್ದು ಕಾಲು ಶತಮಾನವಷ್ಟೇ. 1847ರಲ್ಲಿ ಬಾಂಬೆ ಪ್ರಾಂತ್ಯ ಡಾ. ಅಲೆಕ್ಸಾಂಡರ್ ಗಿಬ್ಸನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ಮಾಡಿತು. ನಾವು ಆಗಿನ್ನೂ ಮದ್ರಾಸಿಗೆ ಸೇರಿದ್ದವರು, ನಮಗೆ 1856ರಲ್ಲಿ ಹ್ಯೂ ಕ್ಲೆಘಾರ್ನ್ ಬಂದ. ಉತ್ತರ ಕನ್ನಡ ಬಾಂಬೆಗೆ ಸೇರಿದ್ದು 1862ರಲ್ಲಿ. 1864ಕ್ಕೆ ಇಡೀ ದೇಶಕ್ಕೆ ಅರಣ್ಯ ಇಲಾಖೆ, 1865ಕ್ಕೆ ಮೊದಲ ಅರಣ್ಯ ಕಾಯ್ದೆ, 1878ಕ್ಕೆ ಅದಕ್ಕಿಂತ ಬಿಗಿಯಾದ ಇನ್ನೊಂದು. ಅಷ್ಟರಲ್ಲಿ ಹಡಗಿನ ಜಾಗಕ್ಕೆ ರೈಲು ಬಂದಿತ್ತು, ಹಲಗೆಯ ಜಾಗಕ್ಕೆ ಹಳಿಯ ಅಡಿಪಟ್ಟಿ. ಹಸಿವು ಬದಲಾಯಿತು, ಬಾಯಿ ಅದೇ. ಕುಣಬಿಗಳ ಕುಮರಿ ಬೇಸಾಯಕ್ಕೆ ಕಡಿವಾಣ ಬಿದ್ದದ್ದೂ ಈ ಸುಮಾರಿನಲ್ಲೇ: ಗುಡ್ಡದ ಇಳಿಜಾರು ಸವರಿ, ಸುಟ್ಟು, ರಾಗಿ ಬಿತ್ತಿ, ಒಂದೆರಡು ವರ್ಷಕ್ಕೆ ಮುಂದೆ ಹೋಗುವವರನ್ನು ಕಾಡಿನ ಶತ್ರುಗಳೆಂದು ಬರೆದರು.

ನಾನು ಇಲಾಖೆಯ ವಿರುದ್ಧ ವಕಾಲತ್ತು ಹಾಕುತ್ತಿಲ್ಲ. ಆ ಬಿಗಿ ಇಲ್ಲದಿದ್ದರೆ ಅಣಶಿ ಕುಳಗಿಗಳ ಕಡೆ ಇವತ್ತು ಹುಲಿ ಓಡಾಡುವಷ್ಟು ಕಾಡು ಉಳಿಯುತ್ತಿರಲಿಲ್ಲ ಎಂಬುದು ಕಣ್ಣಿಗೆ ಕಾಣುವ ಸತ್ಯ. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಈಗ ಕಾಡು ಕಾಯುವುದು ಕಾಡಿಗಾಗಿಯೇ. ಆದರೆ ಕಾಯುವ ಉದ್ದೇಶ ಬದಲಾದಾಗ ಕಾಯುವ ಕೈಯ ವರಸೆಯೂ ಬದಲಾಗಬೇಕಿತ್ತು, ಅದು ಅಷ್ಟಾಗಿ ಆಗಲಿಲ್ಲ. ಸಾಗವಾನಿ ಮೊದಲು ಸರ್ಕಾರದ್ದು, ಆಮೇಲೆ ಬೆಳೆದವನದು ಎಂಬ ಗುಮಾನಿ ಹಡಗಿನ ಕಾಲದಿಂದ ಬಂದದ್ದು ಹಾಗೇ ಉಳಿದಿದೆ. ಸ್ವಂತ ಮಾಲ್ಕಿ ಜಾಗದಲ್ಲಿ ತಾನೇ ನೆಟ್ಟ ಸಾಗವಾನಿ ಕಡಿಯಲು ರೈತ ಅನುಮತಿ ಕೇಳಬೇಕು, ಸಾಗಿಸಲು ಪಾಸು ಪಡೆಯಬೇಕು. ಕಳ್ಳನಾಟಾ ತಡೆಯಲು ಇದು ಬೇಕೇ ಬೇಕು ಎನ್ನುವವರ ಮಾತಿನಲ್ಲಿ ತಿರುಳಿದೆ. ಒಂದು ದಾರಂದಕ್ಕೆ ಎಷ್ಟು ತಿಂಗಳು ಕಾಯಬೇಕು ಎಂಬ ಪ್ರಶ್ನೆಯಲ್ಲೂ ಇದೆ. ನೆಟ್ಟವನಿಗೆ ಕಡಿಯುವ ಭರವಸೆ ಇಲ್ಲದಿದ್ದರೆ ಅವನು ನೆಡುವುದನ್ನೇ ಬಿಡುತ್ತಾನೆ. ಬದುವಿನಲ್ಲಿ ತಾನಾಗಿ ಮೊಳೆತ ಸಾಗವಾನಿ ಸಸಿಯನ್ನು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಕಿತ್ತೆಸೆಯುವ ರೈತರನ್ನು ನಾನೇ ನೋಡಿದ್ದೇನೆ. ಕಾಯ್ದೆ ಕಾಯಬೇಕಾದ ಮರ ಅದೇ ಅಲ್ಲವೇ?

ಕುಂಬಾರವಾಡದ ಆ ಮನೆಯವರ ಹಿತ್ತಲಲ್ಲೂ ನಾಲ್ಕು ಸಾಗವಾನಿ ಮರ ಇದ್ದವು. ಅವರ ತಂದೆ ನೆಟ್ಟವು. ಹೊಸ ಮನೆಯ ಬಾಗಿಲಿಗೆಂದು ಎರಡು ಕಡಿಯಲು ಅರ್ಜಿ ಕೊಟ್ಟು, ಅಳತೆಗೆ ಬರುತ್ತಾರೆಂದು ಕಾದು, ಉತಾರ ತೆಗೆಸಿ, ಮತ್ತೆ ಕಾದು ಮೇ ಮುಗಿಯುತ್ತ ಬಂದಿತ್ತು. ಅಣಶಿ ಘಟ್ಟದ ಮೇಲೆ ಮೋಡ ಕಟ್ಟತೊಡಗಿತ್ತು. ಮಳೆ ಹಿಡಿದರೆ ಗೋಡೆ ನಿಲ್ಲುವುದಿಲ್ಲ. ಕಡೆಗೆ ಮೇಸ್ತ್ರಿ ಬಿಚ್ಚಿಟ್ಟಿದ್ದ ಹಳೆಯ ದಾರಂದವನ್ನೇ ಎತ್ತಿ ತಂದ. ಮೇಲೆ ಒಂದು ಬೆರಳು ರಂಧೆ ಹೊಡೆದ. ಒಳಗಿನಿಂದ ಹೊಸ ಮರದ ಬಣ್ಣ, ಹಸಿ ತೊಗಲಿನಂಥ ವಾಸನೆ ಎದ್ದಿತು. ಮನೆಯಾಕೆ ಅರಿಶಿನ ಹಚ್ಚಿದರು.

"ಮೊಳಿ ಹೊಸಾವು ತರಲೇನೋ?" ಎಂದು ಯಜಮಾನರು ಕೇಳಿದರು.

"ಯಾಕ್ರೀ ಸಾಹುಕಾರ್ರೇ, ಇವೇ ಅದಾವಲ್ಲ," ಎಂದು ಅವನು ಎರಡನೆಯ ಗುಡ್ಡೆಗೆ ಕೈ ಹಾಕಿ, ಒಂದೊಂದನ್ನೇ ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡತೊಡಗಿದ.